ಗಟ್ಟಿ ಮೂತಿಯ ಗುಂಡು

ದೇವರ ಎತ್ತನ್ನು ಕೊಂದವನು ನಾನು. ಪಾಲಯ್ಯನಲ್ಲ.

ಒಂಬತ್ತು ವರ್ಷ ಈ ಮಾತು ನನ್ನ ಗಂಟಲಿನಲ್ಲಿತ್ತು. ಮುಳ್ಳಿನಂತೆ ಚುಚ್ಚುತ್ತಿತ್ತು ಎಂದು ಬರೆಯಲು ಹೊರಟಿದ್ದೆ — ಸುಳ್ಳು. ನಾನು ಚೆನ್ನಾಗಿಯೇ ಉಂಡೆ, ಚೆನ್ನಾಗಿಯೇ ನಿದ್ದೆ ಮಾಡಿದೆ. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ ನಡೆಸಿದೆ, ಕರೆದಲ್ಲಿ ಹೋಗಿ ಕೂತು ಬೇರೆಯವರ ಜಗಳಕ್ಕೆ ನ್ಯಾಯವನ್ನೂ ಹೇಳಿದೆ. ಬೆಕ್ಕಾದರೂ ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ. ನಾನು ಕಣ್ಣು ತೆರೆದೇ ಕುಡಿದವನು.

ಪಾಲಯ್ಯ ಯಾರೆಂದು ಮೊದಲು ಹೇಳಬೇಕು. ಬಿ.ಜಿ. ಕೆರೆ ಊರು ದಾಟಿ ಒಳಗೆ ಹೋದರೆ ನಮ್ಮ ಶೇಂಗಾ ಹೊಲ. ಅದರ ಮೂಡಣ ಬದುವಿನಾಚೆ ಹುಲ್ಲುಗಾವಲು. ನಮ್ಮ ಕಡೆ ಕಾವಲು ಎನ್ನುತ್ತೇವೆ. ಅಲ್ಲಿ ಪಕ್ಕದ ಹಟ್ಟಿಯವರ ದೇವರ ಎತ್ತುಗಳು ಮೇಯುತ್ತವೆ. ದೇವರಿಗೆಂದು ಬಿಟ್ಟ ದನಗಳವು. ಅವನ್ನು ಯಾರೂ ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮನೆಯ ಹಿರಿಯರನ್ನು ಮಣ್ಣು ಮಾಡುವ ಹಾಗೆ ಮಾಡುತ್ತಾರೆ. ಅವನ್ನು ಕಾಯುವವನಿಗೆ ಕಿಲಾರಿ ಎಂದು ಹೆಸರು. ಪಾಲಯ್ಯ ಆ ಹಟ್ಟಿಯ ಕಿಲಾರಿಯಾಗಿದ್ದ. ಅವನ ಅಪ್ಪನೂ ಕಿಲಾರಿಯೇ. ಕಾಲಿಗೆ ಮೆಟ್ಟು ಹಾಕದೆ ಆ ಮುಳ್ಳುನೆಲದಲ್ಲಿ ಎತ್ತುಗಳ ಹಿಂದೆ ನಡೆಯುತ್ತಿದ್ದ. ಹಟ್ಟಿಯ ಹೆಸರು ಬರೆಯುವುದಿಲ್ಲ — ಬರೆದರೆ ಓದುವವರು ತಪ್ಪನ್ನು ಅವರ ತಲೆಗೆ ಕಟ್ಟಿ ಮುಂದೆ ಹೋಗುತ್ತಾರೆ. ತಪ್ಪು ನನ್ನದು.

ನನ್ನ ಹತ್ತಿರ ಎರಡು ಬಂದೂಕುಗಳಿದ್ದವು, ಎರಡಕ್ಕೂ ಲೈಸೆನ್ಸ್ ಇತ್ತು. ಒಂದು ಜೋಡು ನಳಿಗೆಯ ತೋಟಾ ಬಂದೂಕು, ಚರೆ, ಅಂದರೆ ಸೀಸದ ಸಣ್ಣ ಕಾಳು, ಹಾರಿಸುವಂಥದ್ದು. ಇನ್ನೊಂದು ಅಪ್ಪನ ಕಾಲದ ಮುನ್ನೂರ ಹದಿನೈದು ಬೋರಿನ ರೈಫಲ್ಲು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿ ಹಿಂಡು ಇಳಿದರೆ ಬೆಳಗಾಗುವುದರೊಳಗೆ ಅರ್ಧ ಎಕರೆ ಉತ್ತು ಹಾಕಿಬಿಡುತ್ತವೆ. ಅನುಮತಿ ಪಡೆದು ಹೊಡೆಯುತ್ತಿದ್ದೆ. ನಾವು ಮಾಂಸ ಮುಟ್ಟುವವರಲ್ಲ. ಎದೆಯ ಮೇಲೆ ಲಿಂಗ, ಅದರ ಪಕ್ಕದಲ್ಲೇ ಬಂದೂಕಿನ ಹಿಡಿ — ನಮ್ಮವ್ವ ಇದನ್ನು ನೋಡಿ, "ಒಂದನ್ನಾದ್ರೂ ಇಳ್ಸೋ," ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಆ ವರ್ಷದ ಮೊದಲ ಹಂದಿಯನ್ನು ರೈಫಲ್ಲಿಗೆ ಮೆತ್ತನೆಯ ಮೂತಿಯ ತೋಟಾ ಹಾಕಿ ಹೊಡೆದೆ. ಅದರ ಗುಂಡಿನ ತುದಿಯಲ್ಲಿ ಸೀಸ ಬಿಟ್ಟುಕೊಂಡಿರುತ್ತದೆ. ಮೈಯೊಳಗೆ ಹೋದೊಡನೆ ಅರಳುತ್ತದೆ. ನನ್ನ ಗುರಿ ತುಸು ಹಿಂದಕ್ಕೆ ಬಿತ್ತು. ಹೆಣ್ಣು ಹಂದಿ. ಹೊಟ್ಟೆ ಒಡೆದು ಕರುಳು ಕೆಳಗೆ ಜೋತಿತು, ಆದರೂ ಓಡಿತು. ಕರುಳು ಶೇಂಗಾ ಬಳ್ಳಿಗೆ ತೊಡರಿಕೊಂಡು ಹಿಂದಕ್ಕೆ ಎಳೆಯುತ್ತಿತ್ತು, ಅದು ಕಿರುಚುತ್ತ ಮುಂದಕ್ಕೆ ಎಳೆಯುತ್ತಿತ್ತು. ಎರಡನೆಯ ಗುಂಡು ತಪ್ಪಿತು, ಮೂರನೆಯದಕ್ಕೆ ಸತ್ತಿತು. ನಾನು ಬದುವಿನ ಮೇಲೆ ಕೂತು ವಾಂತಿ ಮಾಡಿಕೊಂಡೆ. ಎರಡು ದಿನ ಅನ್ನ ಸೇರಲಿಲ್ಲ.

ಹಂದಿ ಹೊಡೆಯುವುದನ್ನು ಬಿಟ್ಟೆನೇ? ಇಲ್ಲ. ತೋಟಾ ಬದಲಿಸಿದೆ.

ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿ ಇನ್ನೊಂದು ಬಗೆಯ ತೋಟಾಗಳಿದ್ದವು. ಗುಂಡಿನ ಮೂತಿಯವರೆಗೂ ಗಟ್ಟಿ ಲೋಹದ ಹೊದಿಕೆ. ಅರಳುವುದಿಲ್ಲ, ನೇರ ತೂರುತ್ತದೆ. ಅದರಲ್ಲೊಂದನ್ನು ಜೇಬಿಗೆ ಹಾಕಿಕೊಂಡು ಬಳ್ಳಾರಿಯ ಬಂದೂಕಿನ ಅಂಗಡಿಗೆ ಹೋದೆ. ಅಂಗಡಿಯ ಮುದುಕ ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಇದು ಬ್ಯಾಡ್ರಿ ಸಾವ್ಕಾರ್ರೆ. ನಿಮ್ದು ಮೈದಾನ್ ಜಾಗ. ಇದು ಹಂದಿ ಮೈಯಾಗೆ ನಿಲ್ಲೋದಿಲ್ಲ, ಆ ಕಡೆ ಹೊಂಟು ಹೋಗ್ತೈತೆ. ಮೆತ್ತನ್ ಮೂತಿದು ಹಾಕ್ರಿ, ಒಳಗೇ ಅರಳಿ ಒಳಗೇ ಉಳೀತೈತೆ. ಇಲ್ಲಾ, ಹತ್ರ ಕೂತು ಚರೆ ಹೊಡೀರಿ. ನಿಮ್ ಹಂದಿ ನಿಮ್ ಹೊಲದಾಗೇ ಸಾಯ್ಲಿ."

"ಹೊಲಸಾಗ್ತೈತ್ರಿ ಅದು," ಎಂದೆ.

ಅವರು ನನ್ನ ಮುಖ ನೋಡಿದರು. "ಸಾವು ಹೊಲ್ಸೇ ಅಲ್ಲೇನ್ರಿ," ಎಂದರು.

ಈ ಮಾತನ್ನು ನಾನು ಮರೆತಿದ್ದೆ ಎಂದು ಹೇಳಿದರೆ ನಂಬಬೇಡಿ. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅದು ನೆನಪಿತ್ತು. ಆದರೂ ಗಟ್ಟಿ ಮೂತಿಯದನ್ನೇ ಆರಿಸಿದೆ. ಸಣ್ಣ ತೂತು, ಎರಡು ಹನಿ ರಕ್ತ, ಮಲಗಿದ ಹಾಗೆ ಬೀಳುವ ಹಂದಿ. ಅದನ್ನು ದಯೆ ಎಂದುಕೊಂಡೆ. ದಯೆಯಲ್ಲ ಅದು — ಕೊಲ್ಲಲೂ ಬೇಕು, ಕೊಂದದ್ದು ಕಣ್ಣಿಗೆ ಬೀಳಲೂ ಬಾರದು. ಇಷ್ಟೇ ನನ್ನ ಲೆಕ್ಕಾಚಾರ.

ಆ ದಿನ ಬೆಳಕು ಹರಿಯುವಾಗ ಹೊಲದ ಮೂಡಣ ಅಂಚಿನಲ್ಲಿ ಒಂಟಿ ಗಂಡು ಹಂದಿ ಅಡ್ಡಡ್ಡ ನಿಂತಿತ್ತು. ನಾನು ಪಡುವಣ ಬದುವಿನಲ್ಲಿದ್ದೆ. ಹಂದಿಯ ಹಿಂದೆ ಬದು, ಬದುವಿನ ಹಿಂದೆ ಕಾವಲು, ಅಲ್ಲಿ ಇನ್ನೂ ಮಬ್ಬು. ಎತ್ತುಗಳು ಅಲ್ಲೇ ಮಲಗುತ್ತವೆ ಎಂಬುದು ನನಗೆ ಗೊತ್ತಿತ್ತು. ಅದೇ ಹೊತ್ತಿಗೆ ಕಾವಲಿನ ಕಡೆಯಿಂದ ಪಾಲಯ್ಯನ ನಾಡಬಂದೂಕು ಢಂ ಎಂದಿತು. ಕರುಗಳ ಮೇಲೆ ತೋಳ ಬಂದಾಗ ಅವನು ಹಾಗೆ ಹಾರಿಸುವುದಿತ್ತು. ಹಂದಿ ಬೆಚ್ಚಿ ತಲೆ ಎತ್ತಿತು. ನಾನು ರೈಫಲ್ಲಿನ ಕುದುರೆ ಎಳೆದೆ.

ಹಂದಿ ಇದ್ದಲ್ಲೇ ಕುಸಿಯಿತು, ಕಾಲು ಸಹ ಝಾಡಿಸಲಿಲ್ಲ. ಹತ್ತಿರ ಹೋಗಿ ನೋಡಿದೆ: ಈ ಪಕ್ಕದಲ್ಲಿ ಒಂದು ಸಣ್ಣ ತೂತು, ಆ ಪಕ್ಕದಲ್ಲಿ ಒಂದು ಸಣ್ಣ ತೂತು. ಸಂತೋಷವಾಯಿತು — ಇದನ್ನು ಬರೆಯಲೇಬೇಕು — ನನಗೆ ನಿಜವಾಗಿ ಸಂತೋಷವಾಯಿತು. ಆಮೇಲೆ ಕಾವಲಿನಿಂದ ಪಾಲಯ್ಯನ ಕೂಗು ಕೇಳಿಸಿತು.

ಬದು ಹಾರಿ ಹೋದಾಗ ಹಿರಿಯ ಎತ್ತು ಮುಂಗಾಲು ಮಡಚಿಕೊಂಡು ಬಿದ್ದಿತ್ತು. ಉಸಿರೆಳೆದಾಗಲೆಲ್ಲ ಮೂಗಿನಿಂದ ನೊರೆಗಟ್ಟಿದ ರಕ್ತ ಉಕ್ಕುತ್ತಿತ್ತು. ಪಾಲಯ್ಯ ಅದರ ಕುತ್ತಿಗೆ ತಬ್ಬಿಕೊಂಡು, ಮನೆಯಲ್ಲಾಡುವ ತೆಲುಗಿನಲ್ಲಿ "ದಾ ನಾಯನಾ, ಲೇ ನಾಯನಾ" — ಬಾ ಅಪ್ಪಾ, ಏಳು ಅಪ್ಪಾ — ಎಂದು ಕರೆಯುತ್ತಿದ್ದ. ಅವನ ಎದೆ, ಮುಖ, ಬಾಯಿಯೆಲ್ಲ ಎತ್ತಿನ ರಕ್ತ. ಆ ಎತ್ತು ಬೇಗ ಸಾಯಲಿಲ್ಲ. ಹೊತ್ತು ಮಾರುದ್ದ ಏರುವವರೆಗೂ ಕೊಂಬಿನಿಂದ ನೆಲ ಕೆರೆಯುತ್ತ, ಏಳಲು ನೋಡುತ್ತ, ಮತ್ತೆ ಬೀಳುತ್ತ ಒದ್ದಾಡಿತು.

ಪಕ್ಕೆಯ ಮೇಲಿನ ತೂತನ್ನು ನಾನು ನೋಡಿದೆ. ಕಿರುಬೆರಳೂ ತೂರದಂಥದ್ದು. ನಾಡಬಂದೂಕಿನ ಸೀಸದ ಉಂಡೆ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು ಮಾಡುತ್ತದೆ, ಅಂಚು ಹರಿದಿರುತ್ತದೆ. ಇದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಾನು ಹಿಂದಕ್ಕೆ ಹೋಗಿ, ನಮ್ಮ ಆಳುಗಳನ್ನು ಕರೆದು, ಹಟ್ಟಿಯವರು ಬರುವುದರೊಳಗೆ ಹಂದಿಯನ್ನು ಹೂಳಿಸಿದೆ. ರೈಫಲ್ಲನ್ನು ಜೀಪಿನ ಸೀಟಿನ ಕೆಳಗೆ ತಳ್ಳಿ, ಜೋಡು ನಳಿಗೆಯದನ್ನು ಹೆಗಲಿಗೇರಿಸಿಕೊಂಡು ಮತ್ತೆ ಅಲ್ಲಿಗೆ ಬಂದೆ. ಗಾಬರಿಯಲ್ಲಿ ಮಾಡಿದೆ ಎಂದೀರಿ. ಇಲ್ಲ. ನನ್ನ ಕೈ ನಡುಗುತ್ತಿರಲಿಲ್ಲ.

ಜನ ಸೇರಿದರು. ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಹಟ್ಟಿಯ ಯಜಮಾನರು ಎತ್ತಿನ ಕಣ್ಣು ಮುಚ್ಚಿ ಎದ್ದು ನಿಂತು ಕೇಳಿದರು: "ಯಾರ ಗುಂಡು ಇದು?"

"ಸಾವ್ಕಾರ್ರೂ ಹಂದಿ ಹೊಡೆದ್ರಂತೆ," ಎಂದು ಗುಂಪಿನಲ್ಲಿ ಯಾರೋ ಅಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೆಗಲ ಮೇಲಿನ ಬಂದೂಕು ಮುಟ್ಟಿ ಹೇಳಿದೆ:

"ನಂದು ಚರೆ. ಚರೆ ಇಷ್ಟು ದೂರ ಬರಂಗಿಲ್ಲ."

ಇಷ್ಟೇ ಮಾತು. ಪಾಲಯ್ಯ ಹೊಡೆದ ಎಂದು ನಾನು ಹೇಳಲಿಲ್ಲ — ಎಷ್ಟೋ ವರ್ಷ ಇದನ್ನೇ ಹಿಡಿದುಕೊಂಡು ಬದುಕಿದೆ. ಹೇಳುವ ಅಗತ್ಯವೇ ಇರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ಎಲ್ಲರ ಕಣ್ಣೂ ಪಾಲಯ್ಯನ ಪಕ್ಕದಲ್ಲಿ ಬಿದ್ದಿದ್ದ ನಾಡಬಂದೂಕಿನ ಮೇಲೆ ಹೋಯಿತು. ಅವನೂ ಅದನ್ನು ನೋಡಿದ, ಮೊದಲ ಸಲ ನೋಡುವವನ ಹಾಗೆ.

"ತೋಳ ಬಂದಿತ್ತು," ಎಂದ. "ನಾ ತೋಳಕ್ಕೆ ಹೊಡ್ದೆ... ಮಬ್ಬಿತ್ತು... ನಾನು..."

ಮುಂದಿನ ಮಾತು ಬರುವ ಮೊದಲೇ ಒಬ್ಬ ಅವನ ಜುಟ್ಟು ಹಿಡಿದು ಎಳೆದ. ದನ ಕಟ್ಟುವ ಹಗ್ಗವನ್ನು ಎರಡು ಮಡಿಕೆ ಮಾಡಿ ಬೆನ್ನಿಗೆ ಬಾರಿಸಿದರು. ಬಿದ್ದವನನ್ನು ಒದ್ದರು. ಬಾಯಿ ಒಡೆಯಿತು, ಈಗ ಮುಖದ ಮೇಲಿನ ರಕ್ತದಲ್ಲಿ ಎತ್ತಿನದು ಯಾವುದು, ಅವನದು ಯಾವುದು ಎಂದು ತಿಳಿಯುತ್ತಿರಲಿಲ್ಲ. ಅವನು ತಡೆಯಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. "ಯಾವ ಕೈಲಿ ಹೊಡ್ದ್ಯೋ ಲೇ?" ಎಂದು ಒಬ್ಬ ಕೂಗಿದ. ಪಾಲಯ್ಯ ತಾನಾಗಿಯೇ ಬಲಗೈ ಮುಂದೆ ಚಾಚಿದ. ಅದನ್ನು ಕಲ್ಲಿನ ಮೇಲೆ ಇಟ್ಟು, ಅವನದೇ ಬಂದೂಕಿನ ಹಿಡಿಯಿಂದ ಕುಟ್ಟಿದರು. ಮೂರು ಸಲ. ಮೊದಲ ಏಟಿಗೆ ಎಲುಬು ಮುರಿದದ್ದು ಕೇಳಿಸಿತು. ಆಮೇಲಿನ ಎರಡಕ್ಕೆ ಅಂಥ ಸದ್ದೇನೂ ಬರಲಿಲ್ಲ, ಹಸಿ ಸದ್ದು ಮಾತ್ರ.

ಮೂರಾದ ಮೇಲೆ ನಾನು "ಸಾಕು ಬಿಡ್ರೋ, ಸತ್ತಾನು," ಎಂದೆ. ಬಿಟ್ಟರು. ನನ್ನ ಮಾತಿಗೆ ಅಷ್ಟು ಬೆಲೆಯಿತ್ತು. ಒಂದೇ ಮಾತಿಗೆ ನಿಲ್ಲುವ ಜನರನ್ನು ಮೂರು ಏಟು ಬೀಳುವವರೆಗೆ ತಡೆಯದೆ ನಿಂತವನು ನಾನು. ಸಾವ್ಕಾರ್ರು ಇರದಿದ್ದರೆ ಪಾಲಯ್ಯ ಅವತ್ತೇ ಹೋಗುತ್ತಿದ್ದ ಎಂದು ಸುತ್ತ ಹಳ್ಳಿಗಳಲ್ಲಿ ಮಾತಾಯಿತು. ಆ ಹೆಸರನ್ನೂ ನಾನು ಬೇಡ ಎನ್ನಲಿಲ್ಲ.

ದೇವರ ವಿಷಯ, ಪೊಲೀಸರು ಬೇಡ ಎಂದು ಯಜಮಾನರು ತೀರ್ಮಾನಿಸಿದರು. ಎತ್ತನ್ನು ಹೂವು ಹಾಕಿ ಮಣ್ಣು ಮಾಡಿದರು; ನನ್ನ ಗುಂಡು ಅದರೊಳಗೇ ಹೋಯಿತು. ಪಾಲಯ್ಯನನ್ನು ಹಟ್ಟಿಯಿಂದ ಹೊರಗೆ ಹಾಕಿದರು. ಇನ್ನು ದೇವರ ಎತ್ತುಗಳನ್ನು ಮುಟ್ಟಕೂಡದು, ಅವುಗಳ ದಾರಿಗೆ ಅಡ್ಡ ಬರಕೂಡದು. ನಾನು ಅವನನ್ನು ಕರೆತಂದು ಗಿರಣಿಯ ಕಾವಲುಗಾರನಾಗಿ ಇಟ್ಟುಕೊಂಡೆ. ಪ್ರಾಯಶ್ಚಿತ್ತ ಎಂದುಕೊಂಡಿದ್ದೆನೋ, ಕಣ್ಣೆದುರಿಗೆ ಇದ್ದರೆ ಬಾಯಿ ಬಿಡಲಾರ ಎಂದೋ — ಇವತ್ತಿಗೂ ನನಗೇ ಸರಿಯಾಗಿ ಗೊತ್ತಿಲ್ಲ. ಒಂಬತ್ತು ವರ್ಷ ಪ್ರತಿದಿನ ಬೆಳಿಗ್ಗೆ ಗೇಟಿನಲ್ಲಿ ಆ ಸೊಟ್ಟ ಕೈಯನ್ನು ಇನ್ನೊಂದು ಕೈಗೆ ಜೋಡಿಸಿ ನನಗೆ ನಮಸ್ಕಾರ ಮಾಡಿದ. ಹಿಂಡಿ ಒಯ್ಯಲು ಎತ್ತಿನ ಗಾಡಿ ಬಂದರೆ ಎದ್ದು ಗೋದಾಮಿನ ಹಿಂದೆ ಹೋಗಿ ನಿಲ್ಲುತ್ತಿದ್ದ. ಗಾಡಿ ಹೋದ ಮೇಲೆ ಬರುತ್ತಿದ್ದ. ಅದು ಯಾಕೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಮೊನ್ನೆ ಮಧ್ಯಾಹ್ನ ಅವನು ಆಫೀಸಿನ ಬಾಗಿಲಿಗೆ ಬಂದ.

"ಎರಡು ದಿನ ರಜ ಬೇಕ್ರಿ ಸಾವ್ಕಾರ್ರೆ. ಹಟ್ಟಿಯಿಂದ ಹೇಳಿ ಕಳ್ಸ್ಯಾರೆ. ಸೋಮವಾರ ದೇವ್ರ ಮುಂದೆ ನಿಂತು, ಎತ್ತು ಕೊಂದಿದ್ದು ನಾನೇ, ತಪ್ಪಾತು ಅಂತ ಒಪ್ಕಂಡ್ರೆ ಒಳಗೆ ಸೇರ್ಸ್ಕಂತಾರಂತೆ. ಒಪ್ಕಂತೀನಿ. ಸಾಯೋದ್ರಾಗೆ ಒಂದ್ಸಲ ಎತ್ತಿನ ಮೈ ಸವರ್ಬೇಕು."

ಸುಮ್ಮನೆ ರಜ ಕೊಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನು ಒಳಗೆ ಸೇರುತ್ತಿದ್ದ, ನಾನು ಉಳಿಯುತ್ತಿದ್ದೆ. ಹಾಗೆ ಮಾಡೋಣ ಎಂದು ಬಾಯಿ ತೆರೆದೆ ಕೂಡ. ಆದರೆ ಅವನ ಮುಖದಲ್ಲಿ ಒಂದು ವಿಷಯ ಕಂಡಿತು, ಇಷ್ಟು ವರ್ಷ ನಾನು ಯೋಚಿಸದೇ ಇದ್ದದ್ದು. ಒಳಗೆ ಸೇರುವುದಕ್ಕಾಗಿ ಸುಳ್ಳು ಒಪ್ಪಿಕೊಳ್ಳಲು ಹೊರಟವನ ಮುಖವಲ್ಲ ಅದು. ಅವನು ನಂಬಿದ್ದ. ಆ ಮಬ್ಬಿನಲ್ಲಿ ತೋಳಕ್ಕೆ ಹೊಡೆದದ್ದು ಎತ್ತಿಗೆ ಬಿತ್ತು ಎಂದು, ನನ್ನ ಒಂದು ಮಾತಿನ ಮೇಲೆ, ಒಂಬತ್ತು ವರ್ಷ ನಂಬಿದ್ದ. ಅದಕ್ಕೇ ಕೈ ಚಾಚಿದ್ದ.

ನಿಂತುಕೊಂಡೇ ಹೇಳಿದೆ. ರೈಫಲ್ಲು, ಗಟ್ಟಿ ಮೂತಿಯ ಗುಂಡು, ಬಳ್ಳಾರಿ ಸಾಹೇಬರ ಮಾತು, ಹೂಳಿಸಿದ ಹಂದಿ — ಒಂದನ್ನೂ ಬಿಡಲಿಲ್ಲ. ಅವನು ಹೊಸ್ತಿಲ ಮೇಲೆ ಕುಸಿದು ಕೂತ. "ನಾನಲ್ಲ?" ಎಂದ. "ಅಲ್ಲ," ಎಂದೆ. ಮತ್ತೆ ಕೇಳಿದ, "ನಾನಲ್ಲ?" ಎಷ್ಟು ಸಲ ಕೇಳಿದನೋ. ಪ್ರತಿ ಸಲವೂ ಅಲ್ಲ ಎಂದೆ. ಆಮೇಲೆ ಆ ಮುರಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ, ಗಿರಣಿಯ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

"ಸೋಮವಾರ ನಾನೇ ಬರ್ತೀನಿ. ರೈಫಲ್ಲನ್ನೂ ತರ್ತೀನಿ. ದೇವ್ರ ಮುಂದೆ ನಾನು ಹೇಳ್ತೀನಿ, ನೀನು ಸುಮ್ನೆ ನಿಂತ್ಕಂಡಿರು," ಎಂದೆ.

ಅವನು ಬೈಯುತ್ತಾನೆ ಎಂದು ಕಾದೆ. ಹೊಡೆಯಲಿ ಎಂದೂ ಆಸೆಪಟ್ಟೆ. ಅವನು ಕಣ್ಣೊರೆಸಿಕೊಂಡು ಎದ್ದು, ನಿಜವಾಗಿಯೂ ತಿಳಿಯದವನ ಹಾಗೆ ಕೇಳಿದ:

"ಅವತ್ತೇ ಹೇಳಿದ್ರೆ ನಿಮಗೇನಾಗ್ತಿತ್ತು ಸಾವ್ಕಾರ್ರೆ?"

ಯೋಚಿಸಿದೆ. ದೇವರಿಗೆ ಒಂದು ತಪ್ಪುಕಾಣಿಕೆ, ಒದ್ದೆ ಬಟ್ಟೆಯಲ್ಲಿ ಒಂದು ಅಡ್ಡಬೀಳುವುದು, ಹೆಚ್ಚೆಂದರೆ ಲೈಸೆನ್ಸ್ ಹೋಗುತ್ತಿತ್ತು. ನನ್ನ ಮೈಮೇಲೆ ಕೈ ಮಾಡುವವರು ಅಲ್ಲಿ ಯಾರೂ ಇರಲಿಲ್ಲ.

"ಏನೂ ಆಗ್ತಿರ್ಲಿಲ್ಲ, ಪಾಲಯ್ಯ," ಎಂದೆ.

ಸೋಮವಾರ ಹಟ್ಟಿಯ ಮುಂದೆ ನಿಂತಾಗ ಮೊದಲು ಹೇಳಬೇಕಾದದ್ದೂ ಇದನ್ನೇ.