ಸೊಸೆ ಕಾದಿಟ್ಟ ಖಾಲಿ ಕುರ್ಚಿ

ನಲವತ್ತು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದವನು ನಾನು. ನನ್ನ ಕಣ್ಣು ತಪ್ಪಿಸಿ ಓಡುವಂಥ ತಪ್ಪು ಇನ್ನೂ ಹುಟ್ಟಿಲ್ಲ. ಇರುವೆಯ ಬೆನ್ನ ಮೇಲೆ ಅಲ್ಪವಿರಾಮ ಬರೆದು ಬಿಟ್ಟರೂ, ಅದು ಗೂಡು ಸೇರುವುದರೊಳಗೆ ಹಿಡಿದು ತಿದ್ದಿ ಕಳಿಸುತ್ತಿದ್ದೆ.

ಇರಲಿ, ಹೇಳಹೊರಟದ್ದು ನನ್ನ ಸೊಸೆಯ ವಿಷಯ. ವೆಬ್‌ಸೈಟುಗಳ ಥೀಮು, ಪ್ಲಗಿನ್ನುಗಳನ್ನು ಹಲವು ಭಾಷೆಗಳಿಗೆ ಒಗ್ಗಿಸುವುದು ಅವಳು ಹೊಸದಾಗಿ ಹಿಡಿದ ಕಸುಬು. ಥೀಮು ಅಂದರೆ ಸೈಟಿನ ಅಂಗಿ, ಪ್ಲಗಿನ್ನು ಅಂದರೆ ಆಮೇಲೆ ಹೊಲಿದ ಜೇಬು. ಮಾಡಿದವರು ತಮ್ಮ ಭಾಷೆಯ ಮಾತುಗಳನ್ನು ಕೋಡಿನೊಳಗೇ ಮೊಳೆ ಹೊಡೆದು ಕೂರಿಸಿರುತ್ತಾರೆ. ಇವಳು ಒಂದೊಂದನ್ನೂ ನೋಯದಂತೆ ಕಿತ್ತು ಪಟ್ಟಿಗೆ ಸೇರಿಸಿ, ಅದಿದ್ದ ಕಡೆ ‘ಓದುವವರ ಭಾಷೆಯದನ್ನು ಪಟ್ಟಿಯಿಂದ ತಗೋ’ ಎಂದು ಬರೆದಿಡುತ್ತಾಳೆ. ಉಗ್ರಾಣದಲ್ಲಿ ಇಸ್ತ್ರಿ ಮೇಜಿನ ಮುಂದೆ ಕೂತು ಈ ಕೆಲಸ. ಮುಗಿದ ಮೇಲೂ ಬಿಡುವುದಿಲ್ಲ. ಪ್ರತಿ ಮಾತನ್ನೂ ಬೇಕೆಂದೇ ಎರಡರಷ್ಟು ಉದ್ದ ಮಾಡಿ, ಬಟನ್ನಿನಿಂದ ಅಕ್ಷರ ಹೊರಗೆ ಚೆಲ್ಲುತ್ತದೋ ನೋಡುತ್ತಾಳೆ. “ಯಾವ ಭಾಷೆಗೆ ಎಷ್ಟು ಹೊಟ್ಟೆಯೋ ಯಾರಿಗೆ ಗೊತ್ತು ಮಾವ” ಅನ್ನುತ್ತಾಳೆ.

ಬೀದಿ ಕೊನೆಯ ಹಲ್ಲಿನ ಡಾಕ್ಟರಿಗೆ ನಾಲ್ಕು ಭಾಷೆಯ ರೋಗಿಗಳು. ರೋಗಿಗಳು ಟೈಮ್ ಬುಕ್ ಮಾಡುವ ಸೈಟನ್ನು ನಾಲ್ಕೂ ಭಾಷೆಗೆ ತರುವುದು ಆಗದ ಕೆಲಸವೆಂದು, ಮೊದಲು ಅದನ್ನು ಮಾಡಿದವರು ಕೈಯೆತ್ತಿದ್ದರು. ಸೊಸೆ ಒಪ್ಪಿಕೊಂಡಳು. ಹೊರಗಿನವರು ಅವಳನ್ನು ನಂಬಿ ಕೊಟ್ಟ ಮೊದಲ ಕೆಲಸ. ಆ ದಿನ ಸಂಜೆ ನಾಲ್ಕು ಗಂಟೆಗೆ ಡಾಕ್ಟರು ಮನೆಗೆ ಬಂದು ನೋಡಬೇಕು. ಹಿಡಿಸದಿದ್ದರೆ ಹಳೆಯ ಒಂಟಿ ಭಾಷೆಯ ಸೈಟೇ ಗತಿ.

ಬೆಳಗ್ಗೆ ಬಂದು, “ನಮ್ಮ ಭಾಷೆಯ ಪಟ್ಟಿ ಒಂದ್ಸಲ ತಿದ್ದಿಕೊಡ್ತೀರಾ ಮಾವ?” ಎಂದಳು. ಒಂಬೈನೂರು ಸಾಲು. ಹನ್ನೊಂದು ಕಡೆ ಮಾತಿನ ಸೊಂಟ ಸರಿಮಾಡಿದೆ. ಅಲ್ಲಲ್ಲಿ ಒಂದು ಶೇಕಡಾ ಗುರುತು, ಪಕ್ಕದಲ್ಲೊಂದು ಅನಾಥ ಇಂಗ್ಲಿಷ್ ಅಕ್ಷರ. ಕಸವೆಂದು ಅರವತ್ತೆರಡನ್ನೂ ಗುಡಿಸಿ ಮೀಸೆ ತಿರುವಿದೆ.

ಮೂರು ಗಂಟೆಗೆ ಅವಳು ಪರೀಕ್ಷೆಗೆಂದು ನನ್ನ ಹೆಸರಲ್ಲೇ ಬುಕ್ ಮಾಡಿದಳು. ಪರದೆ ಹೇಳಿತು: ‘ಪ್ರಿಯ ಅವರೇ, ನಿಮ್ಮ ಹಲ್ಲನ್ನು ಗಂಟೆಗೆ ಕೀಳಲಾಗುವುದು.’

“ಮಾವ, ಇಲ್ಲಿದ್ದ ಗುರುತೆಲ್ಲ ಎಲ್ಲಿ?”

“ಕಸ ಅಲ್ವೇನಮ್ಮ ಅದು?”

“ಅದು ಕಾದಿಟ್ಟ ಕುರ್ಚಿ ಮಾವ. ರೋಗಿ ಹೆಸರೋ, ಟೈಮೋ ಬಂದು ಕೂತ್ಕೊಳ್ಳೋ ಜಾಗ. ನೀವು ಕುರ್ಚೀನೇ ಎತ್ತಿಬಿಟ್ರಿ.”

ನಾನು ಗಡಿಯಾರ ನೋಡಿದೆ. ಹಳೆಯ ಪಟ್ಟಿ ಅವಳ ಹತ್ತಿರ ಇತ್ತು. ಅದನ್ನೇ ಏರಿಸಿ ಬಚಾವಾಗು ಎಂದೆ.

“ಆ ಹನ್ನೊಂದು ಮಾತು ಚೆನ್ನಾಗಿ ತಿದ್ದಿದ್ದೀರಿ. ಅದನ್ನ ಬಿಡಲ್ಲ” ಎಂದವಳೇ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟುಕೊಂಡು ಕುರ್ಚಿಗಳನ್ನು ಒಂದೊಂದಾಗಿ ವಾಪಸು ಹಾಕಿದಳು. ಪ್ರತಿಯೊಂದರ ಪಕ್ಕ, ಮುಂದೆ ತಿದ್ದುವವರಿಗೆಂದು, ‘ಇದು ತಪ್ಪಲ್ಲ, ಅಳಿಸಬೇಡಿ’ ಎಂಬ ಟಿಪ್ಪಣಿ ಬೇರೆ. ಆ ಬೆರಳುಗಳ ಗಾಳಿಗೆ ಗೋಡೆಯ ಕ್ಯಾಲೆಂಡರು ಎರಡು ತಿಂಗಳು ಮುಂದೆ ಹೋಯಿತು.

ನಾಲ್ಕಕ್ಕೆ ಡಾಕ್ಟರು ತಾಯಿಯನ್ನೂ ಕರೆದುಕೊಂಡು ಬಂದರು. ಆಕೆ ತಮ್ಮ ಭಾಷೆಯಲ್ಲಿ ತಾವೇ ಬುಕ್ ಮಾಡಿ, ಪರದೆಯಲ್ಲಿ ತಮ್ಮ ಹೆಸರು, ಐದೂವರೆ ಎರಡನ್ನೂ ಗಟ್ಟಿಯಾಗಿ ಓದಿ, “ಮಗ ನನಗೇಂತ ಟೈಮ್ ಕೊಟ್ಟಿದ್ದು ಇದೇ ಮೊದಲು” ಎಂದರು. ಡಾಕ್ಟರು ಕೆಮ್ಮಿ, “ಇದೇ ಇರ್ಲಿ ಬಿಡಿ” ಎಂದರು.

ಅವರು ಹೋದ ಮೇಲೆ ಮೆಲ್ಲಗೆ ಕೇಳಿದೆ. “ಅಳಿಸಿದ ಮುದುಕ ಇಂಥವನು ಅಂತ ಟಿಪ್ಪಣಿಯಲ್ಲಿ ನನ್ನ ಹೆಸರು ಹಾಕಿಲ್ಲ ತಾನೇ?”

“ಛೆ, ಇಲ್ಲ ಮಾವ. ಅಲ್ಲೂ ಒಂದು ಖಾಲಿ ಕುರ್ಚಿ ಇಟ್ಟಿದ್ದೀನಿ. ಅಳಿಸ್ದೋರು ಯಾರೋ ಅವರೇ ಬಂದು ಕೂತ್ಕೊಳ್ತಾರೆ.”