ಸ್ಪ್ರಿಂಗಿನದೋ, ಗಾಳಿ ತುಂಬಿದ್ದೋ

ನಮ್ಮ ಮನೆಯವರಿಗೆ ಲಕ್ವ ಹೊಡೆದಾಗ ಮೊದಲು ಮಾತು ಹೋಯಿತು, ಆಮೇಲೆ ಎಡಗೈ. ಮಾತು ತಿಂಗಳೊಪ್ಪತ್ತಿನಲ್ಲಿ ಮರಳಿ ಬಂತು. ಕೈ ಬರಲಿಲ್ಲ. ಮಕ್ತಲ್‌ನ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಅವರು ಸೀಟಿ ಊದಿದರೆ ಮೈದಾನದ ಆ ತುದಿಯಲ್ಲಿದ್ದ ಮಕ್ಕಳೂ ಸೆಟೆದು ನಿಲ್ಲುತ್ತಿದ್ದರು. ಅಂಥವರು ಅಂಗಿಯ ಗುಂಡಿ ಹಾಕಿಸಿಕೊಳ್ಳಲು ನನ್ನ ಮುಂದೆ ಬಂದು ನಿಲ್ಲುವಂತಾಯಿತು. ಅವರಿಗೆ ಮಾತ್ರ ಗುಂಡಿ, ಅಂಗಿ ಯಾವುದರ ಚಿಂತೆಯೂ ಇರಲಿಲ್ಲ. ಇದ್ದದ್ದೊಂದೇ ಚಿಂತೆ, ಏರ್ ರೈಫಲ್ಲಿನದು.

ಅವರದು ಬೇಟೆಯಲ್ಲ, ಗುರಿ ಹೊಡೆಯುವ ಹುಚ್ಚು. ಹಿತ್ತಲಲ್ಲಿ ಮಾವನವರ ಕಾಲದ ಕುರಿದೊಡ್ಡಿ ಖಾಲಿ ಬಿದ್ದಿತ್ತು. ಅದರ ಗೋಡೆಗುಂಟ ಹತ್ತು ಮೀಟರ್ ಅಳೆದು, ಆ ತುದಿಗೆ ಹಳೆ ಬಟ್ಟೆ ತುರುಕಿದ ತಗಡಿನ ಪೆಟ್ಟಿಗೆ ಇಟ್ಟು, ಅದಕ್ಕೆ ಗುರಿಯ ಕಾಗದ ಅಂಟಿಸುತ್ತಿದ್ದರು. ಶಾಲೆಯಿಂದ ಬಂದು ಚಹಾ ಕುಡಿದರೆ ಮುಗಿಯಿತು, ಕತ್ತಲಾಗುವವರೆಗೂ ಅಲ್ಲೇ. ನನ್ನೊಡನೆ ಮಾತು ಕಡಿಮೆ. ದಿನವಿಡೀ ಮೈದಾನದಲ್ಲಿ ಕೂಗಿ ಗಂಟಲು ಹರಿದುಕೊಂಡ ಮನುಷ್ಯನಿಗೆ ಮನೆಯಲ್ಲಿ ಮಾತು ಉಳಿಯುವುದಾದರೂ ಹೇಗೆ ಎಂದು ನಾನೂ ಸುಮ್ಮನಿದ್ದೆ.

ಅವರ ರೈಫಲ್ಲು ಸ್ಪ್ರಿಂಗಿನದು. ಪ್ರತಿಯೊಂದು ಹೊಡೆತಕ್ಕೂ ನಳಿಗೆಯನ್ನು ಕೆಳಕ್ಕೆ ಬಗ್ಗಿಸಿ ಮಡಿಚಬೇಕು. ಆಗ ಒಳಗಿನ ಸ್ಪ್ರಿಂಗು ಬಿಗಿದು ಕೂರುತ್ತದೆ. ಸೀಸದ ಪುಟ್ಟ ಗುಳಿಗೆ ಇಟ್ಟು, ನಳಿಗೆ ನೆಟ್ಟಗೆ ಮಾಡಿ, ಬೆರಳಿಂದ ಕುದುರೆ ಎಳೆದರೆ ಸ್ಪ್ರಿಂಗು ಬಿಚ್ಚಿಕೊಂಡು ಗಾಳಿಯನ್ನು ತಳ್ಳುತ್ತದೆ. ಇದಕ್ಕೆ ಎರಡು ಕೈ ಬೇಕು, ಅದೂ ಕಸುವಿರುವ ಕೈ. ಅವರು ಒಂದೇ ಕೈಯಿಂದ, ಮೊಣಕಾಲಿಗೆ ಒತ್ತಿ, ಗೋಡೆಗೆ ಆನಿಸಿ, ಏನೇನೋ ಮಾಡಿ ನೋಡಿದರು. ಒಂದು ಸಂಜೆ ಅದು ಕೈ ಜಾರಿ ಪಾದದ ಮೇಲೆ ಬಿತ್ತು. ನಾನು ಅಡುಗೆಮನೆಯಿಂದ ಎದ್ದು ಹೋಗಿ ರೈಫಲ್ಲು ಕಸಿದುಕೊಂಡು ನಳಿಗೆ ಮಡಿಚಿ ಕೊಟ್ಟೆ. ಗದ್ವಾಲದ ತವರಿನಲ್ಲಿ ಶೇಂಗಾ ಚೀಲ ಎತ್ತಿ ಬೆಳೆದವಳು, ನನ್ನ ರಟ್ಟೆಗೆ ಅದೇನು ಭಾರವೇ?

ಅಂದಿನಿಂದ ಅದು ನನ್ನ ಕೆಲಸವಾಯಿತು. ಅವರು ಕುರ್ಚಿಯಲ್ಲಿ ಕೂರುವರು. ಮುಂದೆ ಮೇಜು, ಮೇಜಿನ ಮೇಲೆ ಮಡಿಚಿದ ಕರಿ ಕಂಬಳಿ. ಗಟ್ಟಿ ಹಲಗೆಯ ಮೇಲೆ ಇಟ್ಟರೆ ಸ್ಪ್ರಿಂಗಿನ ರೈಫಲ್ಲು ಕುಪ್ಪಳಿಸಿ ಗುರಿ ಕೆಡಿಸುತ್ತದಂತೆ. ನಾನು ಅವರ ಎಡಕ್ಕೆ ನಿಂತು ಮಡಿಚುವುದು, ಗುಳಿಗೆ ಇಡುವುದು, ನೆಟ್ಟಗೆ ಮಾಡಿ ಕೊಡುವುದು. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಅವರು ಮಾತಾಡತೊಡಗಿದರು. ಸಣ್ಣವರಿದ್ದಾಗ ಕುರಿ ಕಾಯಲು ಹೋಗಿ ಮಳೆಗೆ ಸಿಕ್ಕಿದ್ದು, ಮದುವೆಯಲ್ಲಿ ನಾನು ಮುಖ ಗಂಟು ಹಾಕಿಕೊಂಡಿದ್ದು, ಎಲ್ಲ ಅಲ್ಲೇ ಹೊರಬಂತು. ಸಂಸಾರ ಹೂಡಿ ಅಷ್ಟು ವರ್ಷವಾದ ಮೇಲೆ ನನಗೆ ಗಂಡ ಸಿಕ್ಕಿದ್ದು ಲಕ್ವ ಹೊಡೆದ ಮೇಲೆ. ಹೀಗೆ ಹೇಳಿದರೆ ಜನ ಏನೆಂದುಕೊಳ್ಳುತ್ತಾರೋ, ಆದರೆ ನಿಜ ಅದೇ.

ಗದ್ವಾಲದಲ್ಲಿ ಅವರ ಗೆಳೆಯರೊಬ್ಬರಿದ್ದರು, ಇದೇ ಹುಚ್ಚಿನವರು. ಕೆಲವು ಭಾನುವಾರ ಅವರ ಗೋದಾಮಿನಲ್ಲಿ ನಾಲ್ಕಾರು ಜನ ಸೇರಿ ಗುರಿ ಹೊಡೆಯುತ್ತಿದ್ದರು. ಕೈ ಹೋದ ಮೇಲೂ ಒಮ್ಮೆ ಹೋದೆವು. ಸಾಲಿನಲ್ಲಿ ಗಂಡಸರೆಲ್ಲ ತಮ್ಮ ತಮ್ಮ ರೈಫಲ್ಲು ತಾವೇ ತುಂಬಿಕೊಳ್ಳುತ್ತಿದ್ದರೆ ಇವರ ಪಕ್ಕ ಸೀರೆ ಸೆರಗು ಸಿಕ್ಕಿಸಿಕೊಂಡ ನಾನು.

"ಕಣ್ಣು ಸಾರಿಂದು, ರಟ್ಟಿ ಅಕ್ಕಾರ್ದು" ಎಂದು ಒಬ್ಬರು ನಕ್ಕರು. ಎಲ್ಲರೂ ನಕ್ಕರು, ಇವರೂ ನಕ್ಕರು. ಗೋದಾಮಿನ ಗೆಳೆಯರು ಮಾತ್ರ ಇವರನ್ನು ಪಕ್ಕಕ್ಕೆ ಕರೆದು, "ಗಾಳಿ ತುಂಬಿಡೋದು ಒಂದು ತಗೋರಿ. ಒಮ್ಮೆ ಪಂಪು ಹೊಡೆದ್ರ ಸಂಜೀತನಕ ಒಬ್ರೇ ಹೊಡೀಬೌದು. ಒಂದು ಕೈ ಸಾಕು" ಎಂದರು.

ಬರುವಾಗ ಬಸ್ಸು ಜುರಾಲ ಡ್ಯಾಮು ದಾಟುತ್ತಿತ್ತು. ಇವರು, "ಗಾಳೀದ ತರಸೂಣು" ಎಂದರು.

"ತರಸ್ರಿ. ನಿಮಗ ಚಲೋ ಆಗತೈತಿ" ಎಂದೆ. ನಾಲ್ಕು ಜನರ ಮುಂದೆ ಅವರಿಗೆ ನಾಚಿಕೆಯಾಗಿದೆ, ನಾನು ಪಕ್ಕದಲ್ಲಿ ನಿಲ್ಲುವುದು ಬೇಡವಾಗಿದೆ ಎಂದುಕೊಂಡೆ. ಕಿಟಕಿಯ ಕಡೆ ಮುಖ ತಿರುಗಿಸಿ ನೀರು ನೋಡುತ್ತ ಕೂತೆ.

ಹೊಸ ರೈಫಲ್ಲು ಬಂತು. ನಳಿಗೆಯ ಕೆಳಗೆ ಗಾಳಿಯ ಸಿಲಿಂಡರು, ತುದಿಯಲ್ಲಿ ಮುಳ್ಳಿನ ಸಣ್ಣ ಮೀಟರು. ಪಂಪಿನ ಮೇಲೆ ನನ್ನ ಇಡೀ ಭಾರ ಹಾಕಿ ಒತ್ತಿ ಒತ್ತಿ ಮುಳ್ಳು ಮೇಲೇರಿಸಿದರೆ ಆ ದಿನಕ್ಕೆ ನನ್ನ ಕೆಲಸ ಮುಗಿಯಿತು. ಸ್ಪ್ರಿಂಗಿನ ಒದೆತವಿಲ್ಲ, ಕುಪ್ಪಳಿಸುವುದಿಲ್ಲ, ಸಂಭಾವಿತ ಅಳಿಯನ ಹಾಗೆ ಹೇಳಿದಲ್ಲಿ ಕೂರುತ್ತದೆ. ಇವರು ಒಂದೇ ಕೈಯಿಂದ ಗುಳಿಗೆ ಇಟ್ಟು, ಕೈ ಚೆನ್ನಾಗಿದ್ದಾಗಲೂ ಹೊಡೆಯದಷ್ಟು ಚೆನ್ನಾಗಿ ಹೊಡೆದರು. ಕಾಗದದ ನಡುಮಧ್ಯ ಒಂದೇ ತೂತು. ನಾನು ಅಡುಗೆಮನೆಯ ಬಾಗಿಲು ತೆರೆದಿಟ್ಟು ಟಕ್, ಟಕ್ ಸದ್ದು ಕೇಳುತ್ತ ರೊಟ್ಟಿ ಬಡಿಯುತ್ತಿದ್ದೆ. ಮಾತು ಮತ್ತೆ ಮೊದಲಿನಂತೆ ನಿಂತುಹೋಯಿತು. ನನಗೆ ಅಳು ಬರುತ್ತಿತ್ತು, ಜೊತೆಗೆ ಆ ರೈಫಲ್ಲಿನ ಮೇಲೆ ಸವತಿಯ ಮೇಲಿನಂಥ ಸಿಟ್ಟು.

ದಸರೆ ಬಂತು. ನಮ್ಮತ್ತೆ ಇಲ್ಲೇ ಹತ್ತಿರದ ಮದ್ದೂರಿನ ಕಡೆಯವರು, ಮೈಲಾರನಿಗೆ ನಡೆದುಕೊಳ್ಳುವವರು. ಅವರ ಸೊಂಟದಲ್ಲಿ ಭಂಡಾರದ ಚೀಲ ತಪ್ಪಿದ ದಿನವಿಲ್ಲ. ಆಯುಧ ಪೂಜೆಯ ದಿನ ಕುರಿ ಉಣ್ಣೆಯ ಕತ್ತರಿ, ಕುಡಗೋಲು, ಸ್ಕೂಟರು, ಮಿಕ್ಸರು, ಯಾವುದನ್ನೂ ಬಿಡದೆ ಆ ಅರಿಶಿನ ಪುಡಿ ಎರಚಿದರು. ಎರಡೂ ರೈಫಲ್ಲುಗಳಿಗೂ ಆಯಿತು. ಹೊಸದರಲ್ಲಿ ಗಾಳಿ ತುಂಬುವ ತೂತಿನ ಮುಚ್ಚಳ ತೆಗೆದಿತ್ತು. ದೇವರಿಗೆ ಬಾಯಿ ತೆರೆದಿದೆ ಎಂದುಕೊಂಡರೋ ಏನೋ, ಒಂದು ಚಿಟಿಕೆ ಅದರೊಳಗೂ ಬಿಟ್ಟರು. ಅದು ಗೊತ್ತಿಲ್ಲದೆ ಮರುದಿನ ನಾನು ಪಂಪು ಹೊಡೆದೆ. ಮುಳ್ಳು ಮೇಲೇರಲಿಲ್ಲ. ಬುಸ್ಸೆಂದು ಗಾಳಿ ಸೋರಿತು, ನನ್ನ ಸೆರಗೆಲ್ಲ ಹಳದಿ.

"ಏನು ಮಾಡೀರಿ ಅತ್ತಿ?" ಎಂದೆ.

"ದೇವರ ಭಂಡಾರ ಅದು. ಅದು ಬಿದ್ರ ಕೆಡತೈತೇನು?" ಎಂದರು ಅತ್ತೆ, ಮುಖ ಸಣ್ಣದು ಮಾಡಿಕೊಂಡು.

ಇವರು ಸಿಟ್ಟಾಗಲಿಲ್ಲ. "ಇರಲಿ ಬಿಡವ್ವ" ಎಂದು ತಾಯಿಯ ಬೆನ್ನು ತಟ್ಟಿದರು. ಗೆಳೆಯರು ಬಂದು ರೈಫಲ್ಲನ್ನು ರಿಪೇರಿಗೆ ಹೈದರಾಬಾದಿಗೆ ಒಯ್ದರು. ಹಳೆಯ ಸ್ಪ್ರಿಂಗಿನದು ಮೇಜಿಗೆ ಬಂತು, ನಾನೂ ನನ್ನ ಜಾಗಕ್ಕೆ ಬಂದೆ.

ಮೊದಲ ಸಂಜೆಯೇ ಇವರು ನನ್ನ ಭುಜ ನೋಡುತ್ತ ಕೇಳಿದರು: "ನೋವು ಕಡಿಮಿ ಆಗೇತೇನು?"

"ಯಾವ ನೋವು?"

"ಗದ್ವಾಲಕ್ಕ ಹೋಗೂ ಮುಂಚೆ ದಿನಾ ಎಣ್ಣಿ ಹಚ್ಚಿ ತಿಕ್ಕೋತಿದ್ದಿಯಲ್ಲ. ಅದನ್ನ ನೋಡೇ ಗಾಳೀದ ತರಸಿದ್ದು. ನನಗೇನು, ಇದೇ ಚಲೋ ಇತ್ತು."

ನಾನು ನಳಿಗೆ ಮಡಿಚಿ ಗುಳಿಗೆ ಇಟ್ಟೆ. "ನನಗೂ ಇದೇ ಚಲೋ ಇತ್ರಿ. ನಿಮಗ ನಾಚಿಕಿ ಆಗೇತಿ ಅನ್ಕೊಂಡೆ" ಎಂದೆ.

"ಹೇಳಬಾರದಾಗಿತ್ತೇನು?"

"ನೀವು ಹೇಳಿದ್ರೇನು?"

ಇಬ್ಬರೂ ನಕ್ಕೆವು. ಅವರು ನಗುತ್ತ ನಗುತ್ತ ಹೊಡೆದದ್ದು ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ರಿಪೇರಿಯಾದ ರೈಫಲ್ಲು ಬಂದಾಗ ಡಬ್ಬಿ ಬಿಚ್ಚಲಿಲ್ಲ, ಮಂಚದ ಕೆಳಗೆ ತಳ್ಳಿದೆವು. ಆ ಚಳಿಗಾಲದಷ್ಟು ಸುಖ ನಾನು ಕಂಡಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಲಕ್ವ ಎರಡನೆಯ ಸಲ ಹೊಡೆಯಿತು. ಈ ಸಲ ಏನೂ ಮರಳಿ ಬರಲಿಲ್ಲ. ರಾಯಚೂರಿನ ದವಾಖಾನೆಯಿಂದ ಅವರನ್ನು ಕೃಷ್ಣೆಯ ಸೇತುವೆ ದಾಟಿಸಿ ಮನೆಗೆ ತಂದೆವು, ಮಲಗಿಸಿಕೊಂಡು, ಮುಖಕ್ಕೆ ಬಟ್ಟೆ ಹಾಕಿ.

ಗಾಳಿಯದನ್ನು ಗೆಳೆಯರಿಗೆ ಕೊಟ್ಟೆ. ಬಹಳ ದಿನ ಹಿತ್ತಲಿಗೆ ಹೋಗಲಿಲ್ಲ. ಒಂದು ಸಂಜೆ ಅತ್ತೆ ಮಲಗಿದ್ದಾಗ, ಸುಮ್ಮನೆ ಒರೆಸಿಡೋಣವೆಂದು ಸ್ಪ್ರಿಂಗಿನದನ್ನು ತಂದು ಮೇಜಿನ ಬಳಿ ನಿಂತೆ. ಕೈ ತನ್ನ ಪಾಡಿಗೆ ತಾನು ನಳಿಗೆ ಮಡಿಚಿತು, ಗುಳಿಗೆ ಇಟ್ಟಿತು, ನೆಟ್ಟಗೆ ಮಾಡಿ ಬಲಕ್ಕೆ ಚಾಚಿತು. ಚಾಚಿಕೊಂಡೇ ನಿಂತಿದ್ದೆ. ರಟ್ಟೆ ನೋಯತೊಡಗಿದ ಮೇಲೆ ತಿಳಿಯಿತು.

ಒಮ್ಮೆ ಬಿಗಿದ ಸ್ಪ್ರಿಂಗನ್ನು ಹಾಗೇ ಬಿಟ್ಟು ಒಳಗೆ ಇಡುವಂತಿಲ್ಲ. ಯಾರಾದರೂ ಹೊಡೆಯಲೇಬೇಕು. ಅಷ್ಟೆಲ್ಲ ಸಲ ತುಂಬಿಕೊಟ್ಟವಳು ಒಮ್ಮೆಯೂ ಕುದುರೆ ಎಳೆದವಳಲ್ಲ. ಅವರ ಕುರ್ಚಿಯಲ್ಲಿ ಕೂತೆ. ಕಾಗದ ಕಾಣುತ್ತಿರಲಿಲ್ಲ, ಕಣ್ಣು ತುಂಬಿತ್ತು. ಒರೆಸಿಕೊಂಡೆ, ಮತ್ತೆ ತುಂಬಿತು. ಹಾಗೇ ಹೊಡೆದೆ.