ಶಾಲೆಯ ಗೇಟಿನಾಚೆ ನಿಂತ ಟೀಚರ್

ಕೋವಿಡ್ ಕಳೆದು ಜಪಾನಿನ ಶಾಲೆಗಳು ಮತ್ತೆ ಪೂರ್ತಿಯಾಗಿ ತೆರೆದಿದ್ದ ಕಾಲವದು. ನಾನು ಆಗ ಡಾಲಸ್‌ನಲ್ಲಿ ಒಂದು ಖಾಸಗಿ ಕಂಪನಿಯ ಟೀಚರ್ ಸಪೋರ್ಟ್ ಮ್ಯಾನೇಜರ್ ಆಗಿದ್ದೆ. ಜಪಾನಿನ ಊರುಗಳ ಶಿಕ್ಷಣ ಮಂಡಳಿಗಳು ಇಂಗ್ಲಿಷ್ ಪಾಠವನ್ನು ನಮ್ಮಂಥವರಿಗೆ ಗುತ್ತಿಗೆ ಕೊಡುತ್ತಿದ್ದವು. ಅಮೆರಿಕದಲ್ಲಿ ಟೀಚರುಗಳನ್ನು ಆರಿಸಿ ಅಲ್ಲಿಗೆ ಕಳಿಸುವುದು, ಅವರ ಕಷ್ಟಸುಖ ವಿಚಾರಿಸುವುದು ನನ್ನ ಕೆಲಸ.

ಶಹೀನಾ ನಾನು ಆರಿಸಿದವಳಲ್ಲ. ಧಾರವಾಡದ ಹುಡುಗಿ, ಆಸ್ಟಿನ್‌ನಲ್ಲಿ ಭಾಷಾಶಾಸ್ತ್ರ ಓದಿ, ಜಪಾನಿನ ಸಮುದ್ರದ ದಂಡೆಯ ಒಂದು ಸಣ್ಣ ಊರಿನ ಪ್ರಾಥಮಿಕ ಶಾಲೆಗೆ ಇಂಗ್ಲಿಷ್ ಕಲಿಸಲು ಹೋಗಿದ್ದಳು. ಮೊದಲ ನಾಲ್ಕು ವರ್ಷ ಮಂಡಳಿಯೇ ಅವಳನ್ನು ನೇರವಾಗಿ ನೇಮಿಸಿಕೊಂಡಿತ್ತು. ಆಮೇಲೆ ಗುತ್ತಿಗೆ ನಮ್ಮ ಕೈಗೆ ಬಂತು. ಅದರ ಜೊತೆ ಅವಳೂ ಬಂದಳು.

ಈ ಬಗೆಯ ಗುತ್ತಿಗೆಗೊಂದು ನಿಯಮವಿದೆ. ಟೀಚರ್ ಕಂಪನಿಯ ನೌಕರಳು, ಶಾಲೆಯವಳಲ್ಲ. ಆದ್ದರಿಂದ ತರಗತಿಯ ಜಪಾನಿ ಶಿಕ್ಷಕಿ ಅವಳಿಗೆ ಪಾಠದ ಬಗ್ಗೆ ನೇರವಾಗಿ ಸೂಚನೆ ಕೊಡುವಂತಿಲ್ಲ. ಎಲ್ಲವೂ ಕಂಪನಿಯ ಮೂಲಕವೇ ಹೋಗಬೇಕು. ಇದನ್ನು ವಿವರಿಸಲು ನಾನು ಮೊದಲ ಸಲ ಫೋನ್ ಮಾಡಿದಾಗ ಶಹೀನಾ ನಕ್ಕಳು.

"ಮೋರಿ ಟೀಚರ್ ನನ್ನ ಬಾಜೂಕ ನಿಂತಿರ್ತಾರ್ರಿ. ಅವರಿಗೆ ಹೇಳೂದನ್ನ ನಾ ಆಫೀಸಿಗೆ ಇಮೇಲ್ ಮಾಡ್ಬೇಕೇನ್ರಿ?"

ಮೋರಿ ವಯಸ್ಸಾದ ಶಿಕ್ಷಕಿ. ಶಾಲೆ ಬಿಟ್ಟ ಮೇಲೆ ಇಬ್ಬರೂ ಒಂದೇ ಮೇಜಿಗೆ ಕೂತು ಮರುದಿನದ ಪಾಠ ಕಟ್ಟುತ್ತಿದ್ದರಂತೆ. ಹಾಗೆ ಒಟ್ಟಿಗೆ ಕೂರುವುದು ಅಂದಿಗೇ ನಿಂತಿತು. ನಗುವುದನ್ನು ಶಹೀನಾ ಕ್ರಮೇಣ ಬಿಟ್ಟಳು.

ಎರಡು ವರ್ಷ ಹೀಗೇ ನಡೆಯಿತು. ಮುಂದಿನ ಟೆಂಡರ್ ಬೇರೊಂದು ಕಂಪನಿಯ ಪಾಲಾಯಿತು. ಅವರು ಕಂಪ್ಯೂಟರ್ ತೆರೆಯ ಮೇಲೆ, ಬೇರೊಂದು ದೇಶದಿಂದ ಪಾಠ ಮಾಡಿಸುವವರು. ಆ ಸುದ್ದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮಕ್ಕಳಿಗೆ ಏನೂ ಹೇಳಬೇಡ ಎಂಬ ಸೂಚನೆಯೂ ಅದರೊಡನೆ ಇತ್ತು. ಅವಳು ಒಂದೇ ಒಂದು ಕೇಳಿದಳು.

"ಈ ಮಕ್ಕಳಿಗೆ ಒಂದನೇತ್ತಾ ಇದ್ದಾಗಿಂದ ಕಲಿಸೀನ್ರಿ. ಈಗ ಆರನೇತ್ತಾ ಮುಗಿಸಿ ಸಾಲಿ ಬಿಡ್ತಾರ. ಅವತ್ತಿನ ಬೀಳ್ಕೊಡೂ ಕಾರ್ಯಕ್ರಮದಾಗ ಹಿಂದ ಒಂದು ಮೂಲ್ಯಾಗ ಕುಂದರ್ತೀನಿ. ಅಷ್ಟ ಕೇಳ್ರಿ, ಮೇಡಂ."

ಕೇಳಿದೆ. ಮುಖ್ಯೋಪಾಧ್ಯಾಯರಿಗೆ ಒಪ್ಪಿಗೆಯಿತ್ತು. ಮಂಡಳಿ, ಕಂಪನಿಯನ್ನು ಕೇಳಿ ಎಂದಿತು. ನಮ್ಮ ಜಪಾನ್ ಕಚೇರಿ, ಗುತ್ತಿಗೆಯ ಪಾಠದ ಗಂಟೆಗಳು ಮುಗಿದಿವೆ, ಇನ್ನು ಶಾಲೆಯೊಳಗೆ ಏನಾದರೂ ಆದರೆ ಹೊಣೆ ಯಾರದು ಎಂದಿತು. ನಾನು ಮತ್ತೆ ಬರೆದೆ, ಫೋನಿನಲ್ಲಿ ಜಗಳವಾಡಿದೆ. ಉತ್ತರ ಬದಲಾಗಲಿಲ್ಲ.

ಆ ಬೇಸಿಗೆಯಲ್ಲಿ ಅವಳು ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನ ಅಣ್ಣನ ಮನೆಗೆ ಬಂದಿದ್ದಾಳೆಂದು ತಿಳಿದು, ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋಗಿ ನೋಡಿದೆ. ನಾವು ಮುಖಾಮುಖಿಯಾಗಿದ್ದು ಅದೇ ಮೊದಲು. ಅತ್ತಿಗೆ ಚಹಾ ತಂದಿಟ್ಟು ಒಳಗೆ ಹೋದರು.

"ಬೀಳ್ಕೊಡುಗೆಯ ದಿನ ಹೋಗಿದ್ಯಾ?" ಎಂದು ಕೇಳಿದೆ.

"ಹೋಗಿದ್ದೆ. ರಸ್ತೆ ಯಾರಪ್ಪನ ಸ್ವತ್ತೂ ಅಲ್ಲಲ್ರಿ. ಗೇಟಿನ ಎದುರಿಗೆ ಆ ಕಡೆ ನಿಂತಿದ್ದೆ. ಮೋರಿ ಟೀಚರ್ ನೋಡಿದ್ರು. ಗೇಟಿನ ತನಕ ಬಂದು ನಡಾ ಬಗ್ಗಿಸಿ ನಮಸ್ಕಾರ ಮಾಡಿದ್ರು. ಮಾತಾಡ್ಲಿಲ್ಲ. ಹಿಂದ ಮಂಡಳಿಯವರು ನಿಂತಿದ್ರು."

"ಮಕ್ಕಳು?"

"ಒಂದು ಹುಡುಗಿ ಅವ್ವನ ಕೈ ಬಿಡಿಸಿಕೊಂಡು ಓಡಿ ಬಂದ್ಳು. ಒಳಗ ಯಾಕ ಬರ್ಲಿಲ್ಲ ಟೀಚರ್, ನಾವೇನು ತಪ್ಪು ಮಾಡೀವಿ ಅಂತ ಕೇಳಿದ್ಳು." ಶಹೀನಾ ಚಹಾದ ಕಪ್ಪನ್ನು ದೂರ ಸರಿಸಿದಳು. "ಗುತ್ತಿಗೆ ಅನ್ನೂದಕ್ಕ ಜಪಾನಿ ಶಬ್ದ ನನಗ ಗೊತ್ತೈತ್ರಿ. ಆ ಹುಡುಗಿ ಮುಂದ ಬಾಯಿಗೆ ಬರ್ಲಿಲ್ಲ."

ಬೇರೆ ಊರಿನಲ್ಲಿ ಜಾಗ ಖಾಲಿಯಿದೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ಈಗ ಆಸ್ಟಿನ್ ಹತ್ತಿರದ ಟೇಲರ್ ಎಂಬ ಊರಿನ ಒಂದು ಆಫೀಸಿನಲ್ಲಿ ಜಪಾನಿ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ಅನುವಾದ ಮಾಡುತ್ತಾಳೆ. ಮತ್ತೆ ಯಾವ ತರಗತಿಗೂ ಕಾಲಿಡಲಿಲ್ಲ.

ಅಲ್ಲಿಯವರೆಗೆ ನಾನು ಹೊಸ ಟೀಚರುಗಳ ಸಂದರ್ಶನಗಳಲ್ಲಿ ಊರು, ಮನೆ, ರಜೆಯ ವಿಚಾರ ಹೇಳುತ್ತಿದ್ದೆ. ಆಮೇಲೆ ಮೊದಲ ಮಾತೇ ಬೇರೆಯಾಯಿತು: "ಆ ಮಕ್ಕಳು ನಿಮ್ಮನ್ನು ತಮ್ಮ ಟೀಚರ್ ಅಂದುಕೊಳ್ಳುತ್ತಾರೆ. ಕಾಗದದಲ್ಲಿ ನೀವು ಅವರ ಟೀಚರ್ ಅಲ್ಲ. ಇದನ್ನು ತಿಳಿದುಕೊಂಡೇ ಹೋಗಿ." ಕೇಳಿದ ಕೆಲವರು ಹಿಂದೆ ಸರಿದರು. ಮೇಲಿನವರಿಗೆ ಇದು ಹಿಡಿಸಲಿಲ್ಲ. ನಿವೃತ್ತಿಯಾಗುವವರೆಗೂ ನಾನು ಹೇಳುವುದನ್ನು ಬಿಡಲಿಲ್ಲ.